ಅಜ್ಜನಿಗೆ ಮೂವತ್ತಕ್ಕೆ ಹನ್ನೊಂದು

ಮಕ್ಕಳ ಪರೀಕ್ಷೆಯ ಪೇಪರು ತಿದ್ದುವುದೇ ನಮ್ಮ ಹೊಟ್ಟೆಪಾಡು. ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಾವಿರ ಪೇಪರು ತಿದ್ದಿದ್ದೇವೋ, ಯಾರಿಗೆ ಎಷ್ಟು ಕೊಟ್ಟೆವೋ, ಒಂದೂ ನೆನಪಿಲ್ಲ. ನೆನಪಿನಲ್ಲಿ ಉಳಿದಿರುವುದು ನಾವು ತಿದ್ದದೇ ಇದ್ದ ಒಂದು ಪೇಪರು. ನಮ್ಮ ಶಾಲೆಯ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳ ಅಜ್ಜನದು. ಮೂವತ್ತಕ್ಕೆ ಹನ್ನೊಂದು.

ಅಜ್ಜನಿಗೆ ಆಗ ಅರವತ್ತೆಂಟು. ಹೆಸರು ಇಲ್ಲಿ ಬೇಡ. ಅಡಿಕೆ ಮರ ಹತ್ತಿಯೇ ಬದುಕಿದವರು. ಕೊನೆ ತೆಗೆಯುವುದು, ಮಳೆಗಾಲದಲ್ಲಿ ಮದ್ದು ಬಿಡುವುದು, ಒಂದು ಮರದಿಂದ ಇಳಿಯದೆಯೇ ವಾಲಿಕೊಂಡು ಇನ್ನೊಂದಕ್ಕೆ ದಾಟುವುದು. ಕುಡಿತವೂ ಅಷ್ಟೇ ಹಳೆಯದು. ಮೊದಲು ಸಂಜೆಯ ಶೇಂದಿ, ಆಮೇಲೆ ಗಡಂಗಿನ ಸಾರಾಯಿ. 1996ರಲ್ಲಿ ಕೇರಳದಲ್ಲಿ ಸಾರಾಯಿ ನಿಷೇಧವಾಯಿತು. ಗಡಿಯಲ್ಲಿರುವವರಿಗೆ ಅದರಿಂದ ದೊಡ್ಡ ತೊಂದರೆಯೇನೂ ಆಗಲಿಲ್ಲ, ಗುಡ್ಡ ಹತ್ತಿ ಆಚೆ ಇಳಿದರೆ ಕರ್ನಾಟಕ, ಅಲ್ಲಿ ಪ್ಯಾಕೆಟ್ಟು ಸಿಗುತ್ತಿತ್ತು. 2007ರ ಜುಲೈಯಲ್ಲಿ ಅಲ್ಲಿಯೂ ನಿಂತಿತು. ಅಷ್ಟರಲ್ಲಿ ಅಜ್ಜನಂಥವರು ಬ್ರಾಂಡಿಗೆ ಬಡ್ತಿ ಪಡೆದಿದ್ದರು.

2023ರ ವಿಷು ಕಳೆದ ಮೇಲೆ ಮಗಳ ಒತ್ತಾಯಕ್ಕೆ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದರು. ಬಿಟ್ಟರು. ಊರಿನವರು ಯಾರೂ ನಂಬಲಿಲ್ಲ. ನಾವೂ ನಂಬಲಿಲ್ಲ. ಯಾಕೆಂದರೆ ಜೂನಿನಲ್ಲಿ ಶಾಲೆ ಸುರುವಾದ ಮೇಲೆ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬೆಳಿಗ್ಗೆ ಹನ್ನೊಂದಕ್ಕೇ ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. "ಈಗಲ್ಲ ಅಜ್ಜ, ನಾಲ್ಕು ಗಂಟೆಗೆ" ಅಂದರೆ ತಲೆಯಾಡಿಸಿ ಹೋಗುವರು. ಹನ್ನೆರಡೂವರೆಗೆ ಮತ್ತೆ ಹಾಜರು. ಒಂದು ಶನಿವಾರ ರಜೆಯ ದಿನ ಬಂದು ಬೀಗ ಹಾಕಿದ ಗೇಟಿನ ಎದುರು ಮಧ್ಯಾಹ್ನದವರೆಗೆ ಕುಳಿತಿದ್ದರಂತೆ. ಸ್ಟಾಫ್ ರೂಮಿನಲ್ಲಿ ನಮ್ಮದು ಒಂದೇ ಮಾತು: "ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾರೆ." ನಕ್ಕಿದ್ದೇವೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ನಕ್ಕಿದ್ದೇವೆ.

ನಗು ನಿಲ್ಲಿಸಿದವರು ಮಧ್ಯಾಹ್ನದೂಟದ ಅಡುಗೆಯಕ್ಕ. ಅಜ್ಜನಿಗೆ ದಿನಾ ಒಂದು ಲೋಟ ಗಂಜಿನೀರು ಕೊಡುತ್ತಿದ್ದವರು ಅವರು. "ಮಾಷ್ಟ್ರೆ, ಅವರ ಬಾಯಲ್ಲಿ ವಾಸನೆ ಇಲ್ಲ. ಒಂದು ದಿನವೂ ಇರಲಿಲ್ಲ" ಅಂದರು.

ಕುಡಿಯುತ್ತಿದ್ದಾಗ ನಲವತ್ತು ವರ್ಷ ಯಾರಿಗೂ ಕಾಣದ ಮರೆವು, ಕುಡಿತ ಬಿಟ್ಟ ಮೇಲೆ ಕಾಣಿಸಿತ್ತು. ಅಮಲಿನ ಹಿಂದೆ ಅಡಗಿ ಕುಳಿತದ್ದು ಅಮಲು ಇಳಿದ ಮೇಲೆ ಹೊರಗೆ ಬಂದಿತ್ತು. ಅಷ್ಟೂ ಮಂದಿ ಕಲಿತವರು, ನಮಗೆ ಹೊಳೆಯಲಿಲ್ಲ.

ಮಗಳು ಬೀಡಿ ಕಟ್ಟುವವರು. ಆಸ್ಪತ್ರೆಗೆ ಹೋಗುವಾಗ "ಮಾಷ್ಟ್ರೆ, ನೀವೊಮ್ಮೆ ಜತೆಗೆ ಬನ್ನಿ, ಅವರು ಮಲಯಾಳದಲ್ಲಿ ಕೇಳಿದರೆ ನನಗೆ ತಲೆಗೆ ಹೋಗುವುದಿಲ್ಲ" ಅಂದರು. ಹೋದೆವು. ಯಾವ ಆಸ್ಪತ್ರೆ ಎಂಬುದು ಮುಖ್ಯವಲ್ಲ. ಪರೀಕ್ಷೆ ಮಾಡಿದ ಹುಡುಗಿ ತೆಂಕಣ ಜಿಲ್ಲೆಯವಳು, ಒಳ್ಳೆಯ ಸ್ವಭಾವ, ಹೊರಗೆ ಅರುವತ್ತು ಜನ ಕಾಯುತ್ತಿದ್ದರೂ ಅಜ್ಜನನ್ನು ಗದರಿಸಲಿಲ್ಲ. ಆದರೆ ಪ್ರಶ್ನೆಪತ್ರಿಕೆ ಮಲಯಾಳದ್ದು. ಅಜ್ಜನದು ಮನೆಯಲ್ಲಿ ತುಳು, ಶಾಲೆ ಮೂರನೇ ಕ್ಲಾಸಿನವರೆಗೆ ಕನ್ನಡ, ಮಲಯಾಳ ಸಂತೆಗೆ ಬೇಕಾದಷ್ಟು.

"ಇದು ಏದು ಮಾಸಮಾಣ್?" ಎಂದು ಆಕೆ ಕೇಳಿದಳು. ಅಜ್ಜ ಸ್ವಲ್ಪ ಯೋಚಿಸಿ "ಆಟಿ" ಅಂದರು. ಆಕೆ ತಪ್ಪು ಹಾಕಿದಳು. ನಮ್ಮ ಹೊಟ್ಟೆ ಚುರುಕ್ ಎಂದಿತು. ತುಳುವಿನ ಆಟಿ ಎಂದರೆ ಮಲಯಾಳದ ಕರ್ಕಡಕವೇ ತಾನೆ? ಎರಡೂ ಸೌರಮಾನದ ತಿಂಗಳು, ಸುರುವಾಗುವುದೂ ಮುಗಿಯುವುದೂ ಒಟ್ಟಿಗೆ. ಅಜ್ಜ ಕರ್ಕಡಕ ಅಂದಿದ್ದರೆ ಆಕೆ ಒಪ್ಪುತ್ತಿದ್ದಳೋ ಏನೋ. ಸೇಬು, ಮೇಶ, ನಾಣಯ ಎಂದು ಮೂರು ಶಬ್ದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದಾಗ ಅಜ್ಜ "ಮೇಜು" ಅಂದರು. ಆಕೆ "ಮೇಶ"ಕ್ಕೆ ಕಾದಳು. ವಸ್ತು ನೆನಪಿತ್ತು, ಹೆಸರು ತನ್ನ ಭಾಷೆಗೆ ಹೊರಳಿತ್ತು. ಅದೂ ಹೋಯಿತು. ಇನ್ನು ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂಬ ಪ್ರಶ್ನೆ. ಅಜ್ಜ ತೊಂಬತ್ತಮೂರು ಹೇಳಿ ನಿಂತರು. ಅದೇ ಅಜ್ಜ ಅಂಗಡಿಯಲ್ಲಿ ಐನೂರರ ನೋಟು ಕೊಟ್ಟು ನೂರಾ ಎಂಬತ್ತರ ಸಾಮಾನು ತೆಗೆದರೆ ಚಿಲ್ಲರೆ ಎಣಿಸದೆ ಕಾಲು ಹೊರಗಿಡುವುದಿಲ್ಲ. ಆಮೇಲೆ ಎರಡು ಪಂಚಕೋನ ಒಂದರೊಳಗೊಂದು ಸಿಕ್ಕಿಕೊಂಡ ಚಿತ್ರ ಬಿಡಿಸಬೇಕಿತ್ತು. ಅಜ್ಜ ಪೆನ್ನು ಹಿಡಿದದ್ದೇ ಸೌದೆ ಹಿಡಿದ ಹಾಗೆ.

ನಾವೂ ಒಂದು ಅಪರಾಧ ಮಾಡಿದೆವು. "ಇವತ್ತು ಯಾವ ವಾರ" ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುವಾಗ "ನಿನ್ನೆ ಸಂತೆ ಆಯಿತಲ್ಲ ಅಜ್ಜ" ಎಂದು ಸೇರಿಸಿಬಿಟ್ಟೆವು. ಪರೀಕ್ಷಾ ಕೊಠಡಿಯಲ್ಲಿ ಇಪ್ಪತ್ತು ವರ್ಷ ಸೂಪರ್‌ವಿಷನ್ ಮಾಡಿದವರು, ನಮ್ಮಿಂದಲೇ ಕಾಪಿ! ಜತೆಗೆ ಬಂದವರನ್ನು ದುಭಾಷಿ ಮಾಡಿದರೆ ಆಗುವುದು ಇದೇ. ಒಂದೋ ಉತ್ತರ ಹೇಳಿಕೊಡುತ್ತಾರೆ, ಇಲ್ಲವೇ "ಅಷ್ಟೂ ಗೊತ್ತಿಲ್ಲವಾ ನಿಮಗೆ" ಎಂದು ಗದರಿಸಿ ಗೊತ್ತಿದ್ದದ್ದನ್ನೂ ಮರೆಸುತ್ತಾರೆ.

ಹನ್ನೊಂದು ಬಂತು. ಕುಡಿತ, ವಯಸ್ಸು, ಮರೆವಿನ ಕಾಯಿಲೆ, ಇನ್ನು ಮನೆಯಲ್ಲಿ ಜಾಗ್ರತೆಯಾಗಿ ನೋಡಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ಬಸ್ಸಿನಲ್ಲಿ ಮಗಳು ಏನೂ ಮಾತಾಡಲಿಲ್ಲ. ಅಜ್ಜ ಮಾತ್ರ "ಮಾಷ್ಟ್ರೆ, ನಾನು ಪಾಸಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದೋ, ನಿಜಕ್ಕೂ ಕೇಳಿದ್ದೋ, ಇವತ್ತಿಗೂ ಗೊತ್ತಾಗಿಲ್ಲ.

ಇಷ್ಟು ಓದಿ ಕೆಲವರು, ಇಂಥ ಪರೀಕ್ಷೆಯೇ ಬೇಡ, ಬಡವರನ್ನು ಅವಮಾನಿಸುವುದಕ್ಕೆ ಇದು ಇನ್ನೊಂದು ದಾರಿ ಎಂದು ಹೇಳಬಹುದು. ನಮ್ಮ ಅಭಿಪ್ರಾಯ ಅದಲ್ಲ, ತದ್ವಿರುದ್ಧ. ಕುಡಿತದ ಚಟವಿರುವ, ಇದ್ದು ಬಿಟ್ಟಿರುವ, ಅರವತ್ತು ದಾಟಿದ ಪ್ರತಿಯೊಬ್ಬರಿಗೂ ನೆನಪು ಮತ್ತು ಬುದ್ಧಿಶಕ್ತಿಯ ಪರೀಕ್ಷೆ ಆಗಲೇಬೇಕು. ಕಣ್ಣಿನ ಪೊರೆ ನೋಡುವಷ್ಟೇ ಸಹಜವಾಗಿ ಆಗಬೇಕು. ಆದರೆ ಅವರವರ ಭಾಷೆಯಲ್ಲಿ, ಸರಿಯಾದ ದಿನ ನೋಡಿ, ಅವರು ಎಷ್ಟನೇ ಕ್ಲಾಸು ಓದಿದ್ದಾರೆ ಎಂದು ತಿಳಿದು ಆಗಬೇಕು. ಇಲ್ಲದಿದ್ದರೆ ಇಲ್ಲದ ಕಾಯಿಲೆಯನ್ನು ಹಚ್ಚುತ್ತೇವೆ, ಇದ್ದ ಕಾಯಿಲೆಯನ್ನು ಬಿಟ್ಟುಬಿಡುತ್ತೇವೆ.

ಯಾಕೆ ಆಗಲೇಬೇಕು ಎಂದು ಹೇಳುತ್ತೇವೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ 14.6 ಶೇಕಡಾ ಜನ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುವವರು. ಅವರೆಲ್ಲರೂ ಒಂದು ದಿನ ಮುದುಕರಾಗುವವರೇ. ಫ್ರಾನ್ಸಿನಲ್ಲಿ ಆಸ್ಪತ್ರೆ ದಾಖಲೆಗಳನ್ನು ನೋಡಿ 2018ರಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು. 65ಕ್ಕೆ ಮೊದಲೇ ಮರೆಗುಳಿತನ ಬಂದ 57 ಸಾವಿರಕ್ಕೂ ಮಿಕ್ಕಿದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೋ ಮದ್ಯದಿಂದಲೇ ಮಿದುಳಿಗೆ ಪೆಟ್ಟು, ಇಲ್ಲವೇ ಮದ್ಯದ ಚಟದ ಹಿನ್ನೆಲೆ ಇತ್ತು. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2011ರಲ್ಲಿಯೇ ವಯಸ್ಸಾದ ವ್ಯಸನಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ವರದಿ ಬರೆದಿತ್ತು. ನಮ್ಮಲ್ಲಿಯೂ ಹಾಗೆಯೇ. ಹುಡುಗ ಕುಡಿದರೆ ಮನೆಯವರು ಅಳುತ್ತಾರೆ, ಅಜ್ಜ ಕುಡಿದರೆ "ಇನ್ನೆಷ್ಟು ದಿನ, ಕುಡಿಯಲಿ ಬಿಡಿ" ಅನ್ನುತ್ತಾರೆ. ಅಜ್ಜಿ ಕುಡಿದರೆ ಯಾರೂ ಬಾಯಿಯೇ ಬಿಡುವುದಿಲ್ಲ. ಕುಡಿಯುವ ಅಜ್ಜಿಯಂದಿರು ನಮ್ಮಲ್ಲಿ ಇಲ್ಲವೇ? ಇದ್ದಾರೆ. ಮನೆಯ ಹಿಂದಿನ ಬಾಗಿಲಿಗೆ ಕುಪ್ಪಿ ಬರುವುದು ಎಲ್ಲರಿಗೂ ಗೊತ್ತಿದೆ.

ವಯಸ್ಸಾದ ಹಾಗೆ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ, ಹಾಗಾಗಿ ಮೊದಲಿನಷ್ಟೇ ಕುಡಿದರೂ ರಕ್ತದಲ್ಲಿ ಅಮಲು ಜಾಸ್ತಿ. ಜತೆಗೆ ಸಕ್ಕರೆ ಕಾಯಿಲೆಯ ಮಾತ್ರೆ, ನಿದ್ದೆಯ ಮಾತ್ರೆ. ಬೀಳುವುದು ಬೇರೆ. ಬಿದ್ದಾಗ ತಲೆಯೊಳಗೆ ನಿಧಾನಕ್ಕೆ ರಕ್ತ ಒಸರಿ ವಾರಗಟ್ಟಲೆ ಕಳೆದ ಮೇಲೆ ಮರೆವಿನ ಹಾಗೆ, ಮಂಕಿನ ಹಾಗೆ ಕಾಣಿಸಿಕೊಳ್ಳುವುದಿದೆ. ಅದಕ್ಕೆ ಚಿಕಿತ್ಸೆ ಇದೆ. ಕುಡುಕ ಬಿದ್ದ ಎಂದು ಸುಮ್ಮನಾದರೆ ಜೀವ ಹೋಗುತ್ತದೆ.

ಇನ್ನೊಂದು, ಬಿ1 ಜೀವಸತ್ವ, ಥಯಮಿನ್. ಕುಡಿತ ಅದನ್ನು ಮೈಗೆ ಹತ್ತಗೊಡುವುದಿಲ್ಲ, ಕುಡಿದವನು ಊಟವನ್ನೂ ಸರಿಯಾಗಿ ಮಾಡುವುದಿಲ್ಲ. ನಮ್ಮ ಕಡೆಯ ಕುಚ್ಚಲಕ್ಕಿಯಲ್ಲಿ ಅದು ಚೆನ್ನಾಗಿಯೇ ಉಳಿದಿರುತ್ತದೆ, ಭತ್ತ ಬೇಯಿಸುವಾಗ ಹೊರಪದರದ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ. ಹಿರಿಯರು ಗಂಜಿ ಉಂಡು ಗಟ್ಟಿ ಇದ್ದದ್ದು ಸುಮ್ಮನೆ ಅಲ್ಲ. ಆದರೆ ರಾತ್ರಿ ಗಡಂಗಿನಿಂದ ಬಂದು ಹಾಗೆಯೇ ಚಾಪೆಗೆ ಬೀಳುವವನಿಗೆ ಯಾವ ಅಕ್ಕಿಯಾದರೇನು? ಥಯಮಿನ್ ತೀರಾ ಬತ್ತಿದರೆ ಏಕಾಏಕಿ ಗಲಿಬಿಲಿ, ಕಣ್ಣುಗುಡ್ಡೆಯ ಚಲನೆಯಲ್ಲಿ ಎಡವಟ್ಟು, ನಡಿಗೆಯಲ್ಲಿ ವಾಲಾಟ. ಜರ್ಮನಿಯ ವೆರ್ನಿಕೆ ಎಂಬ ವೈದ್ಯರು ಇದನ್ನು 1881ರಲ್ಲಿ ಬರೆದರು. ಮೂರು ಲಕ್ಷಣಗಳೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ, ಅದಕ್ಕೇ ಕಣ್ತಪ್ಪಿ ಹೋಗುತ್ತದೆ. ನೋಡಿದವರಿಗೆ ಕುಡಿದ ಹಾಗೆಯೇ ಕಾಣುತ್ತದಲ್ಲ! ಕೂಡಲೇ ಥಯಮಿನ್ ಚುಚ್ಚುಮದ್ದು ಕೊಟ್ಟರೆ ಮನುಷ್ಯ ಉಳಿಯುತ್ತಾನೆ, ಮದ್ದಿಗೆ ದೊಡ್ಡ ಖರ್ಚೂ ಇಲ್ಲ. ತಡವಾದರೆ ಹೊಸ ನೆನಪೇ ನಿಲ್ಲದ ಸ್ಥಿತಿ. ರಷ್ಯದ ಕೊರ್ಸಾಕಾಫ್ 1887ರಿಂದ ವಿವರಿಸಿದ್ದು ಅದನ್ನು.

ಕೊರ್ಸಾಕಾಫ್ ಹೆಸರು ನಾವು ಕಲಿತದ್ದು ನಮ್ಮದೇ ಇಲಾಖೆಯ ನಿವೃತ್ತರೊಬ್ಬರ ದೆಸೆಯಿಂದ. ಸೊಗಸಾದ ಮಾತುಗಾರರು. ಯಕ್ಷಗಾನದ ಅರ್ಥ ಹೇಳಲು ಕುಳಿತರೆ ಎದುರಾಳಿ ಬೆವರಬೇಕು. ಕುಡಿತವೂ ಇತ್ತು, ಆದರೆ "ಮರ್ಯಾದೆಯ ಕುಡಿತ", ಮನೆಯಲ್ಲಿ ರಾತ್ರಿ ಎಂಟರ ಮೇಲೆ. ಅವರಿಗೆ ಮರೆವು ಎಂದರೆ ಯಾರೂ ನಂಬುವಂತಿರಲಿಲ್ಲ. ಸಿಕ್ಕಿದಾಗ "ನಿನ್ನೆ ಮೈಸೂರಿಗೆ ಹೋಗಿದ್ದೆ ಮಾರಾಯ, ಹಳೇ ಶಿಷ್ಯ ಸಿಕ್ಕಿದ" ಎಂದು ಶಿಷ್ಯನ ಅಂಗಿಯ ಬಣ್ಣದವರೆಗೆ ವರ್ಣಿಸಿದರು. ಅವರು ಹದಿನೈದು ದಿನದಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಮನೆಯವರು ಸುಳ್ಳುಬುರುಕ ಎಂದು ಜಗಳ ಮಾಡುತ್ತಿದ್ದರು. ಸುಳ್ಳಲ್ಲ ಅದು. ನೆನಪಿನ ಪುಸ್ತಕದಲ್ಲಿ ಖಾಲಿ ಬಿಟ್ಟ ಜಾಗವನ್ನು ಮಿದುಳು ತನ್ನಷ್ಟಕ್ಕೇ ತುಂಬುತ್ತದೆ, ಹೇಳುವವನಿಗೆ ಅದು ನಿಜವೇ. ಕರೆಂಟು ಬಿಲ್ಲು ಒಂದೇ ತಿಂಗಳಲ್ಲಿ ಮೂರು ಸಲ ಕಟ್ಟಲು ಹೋಗಿದ್ದರು. ಯಾವುದೋ ಕಾಗದಕ್ಕೆ ಸಹಿ ಹಾಕಿ ಹತ್ತು ಸೆಂಟ್ಸು ಜಾಗ ಕೈಬಿಟ್ಟಿತು.

ಇವರಿಗೆ ಅಜ್ಜನ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ? ಇಪ್ಪತ್ತೇಳು, ಇಪ್ಪತ್ತೆಂಟು ಬರುತ್ತಿತ್ತೋ ಏನೋ. ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿತ್ತು, ಲೆಕ್ಕ ಬಾಯಿಪಾಠ, ಪಂಚಕೋನ ಬೋರ್ಡಿನಲ್ಲಿ ಸಾವಿರ ಸಲ ಬಿಡಿಸಿದವರು. ಕಲಿತವರ ಮಾತು ಕಾಯಿಲೆಯನ್ನು ಮುಚ್ಚುತ್ತದೆ, ಕಲಿಯದವರ ಮೌನ ಇಲ್ಲದ ಕಾಯಿಲೆಯನ್ನು ತೋರಿಸುತ್ತದೆ. ನಮ್ಮ ಕ್ಲಾಸಿನಲ್ಲಿಯೂ ಹೀಗೆಯೇ ಅಲ್ಲವೇ?

ಪರೀಕ್ಷೆಗಳ ವಿಷಯಕ್ಕೆ ಬರೋಣ. ನಮ್ಮ ಕಸುಬಿನ ವಿಷಯವಾದ್ದರಿಂದ ಸ್ವಲ್ಪ ವಿಚಾರಿಸಿದ್ದೇವೆ. ಆ ಮೂವತ್ತು ಅಂಕದ ಹಳೆಯ ಪರೀಕ್ಷೆ, ಮಿನಿ ಮೆಂಟಲ್ ಎಂದು ಕರೆಯುವುದು, 1975ರಲ್ಲಿ ಅಮೆರಿಕದಲ್ಲಿ ಆದದ್ದು. ನೆನಪು, ಭಾಷೆಯ ತೊಂದರೆ ಅದಕ್ಕೆ ಸಿಗುತ್ತದೆ. ಆದರೆ ಕುಡಿತ ಹೆಚ್ಚಾಗಿ ಕೆಡಿಸುವುದು ಯೋಜನೆ ಹಾಕುವ, ತಡೆದುಕೊಳ್ಳುವ, ಒಂದರಿಂದ ಇನ್ನೊಂದಕ್ಕೆ ಗಮನ ಹೊರಳಿಸುವ ಶಕ್ತಿಯನ್ನು. ಅದು ಈ ಪರೀಕ್ಷೆಯಲ್ಲಿ ಸರಿಯಾಗಿ ಕಾಣುವುದಿಲ್ಲ. 2005ರಲ್ಲಿ ಕೆನಡಾದವರು ಮಾಡಿದ ಮೊಂಟ್ರಿಯಲ್ ಪರೀಕ್ಷೆಯಲ್ಲಿ ಗಡಿಯಾರ ಬಿಡಿಸುವುದು, ಅಂಕಿ ಅಕ್ಷರ ಸೇರಿಸಿ ಗೆರೆ ಎಳೆಯುವುದು ಮುಂತಾಗಿ ಆ ಶಕ್ತಿಯನ್ನೂ ನೋಡುತ್ತಾರೆ. ಅದರಲ್ಲಿ ಹನ್ನೆರಡು ವರ್ಷ ಅಥವಾ ಕಡಿಮೆ ಓದಿದವರಿಗೆ ಒಂದು ಅಂಕ ಗ್ರೇಸ್! ಮೂರನೇ ಕ್ಲಾಸಿನ ಅಜ್ಜನಿಗೂ ಒಂದೇ, ಎಸ್ಸೆಸ್ಸೆಲ್ಸಿಯವನಿಗೂ ಒಂದೇ. ಓದುಬರಹ ಕಡಿಮೆ ಇರುವವರಿಗೆಂದು ಆಮೇಲೆ ಬೇರೆಯೇ ರೂಪ ಮಾಡಿದ್ದಾರೆ, ಅದು ಒಳ್ಳೆಯದಾಯಿತು.

ನಮ್ಮ ದೇಶದಲ್ಲಿಯೂ ಬುದ್ಧಿವಂತರು ಈ ಕೆಲಸ ಮಾಡಿದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದುಬರಹ ತಿಳಿಯದ ಮುದುಕರಿಗಾಗಿ ಹಿಂದಿಯಲ್ಲಿ ಆ ಹಳೆಯ ಪರೀಕ್ಷೆಯನ್ನೇ ಮರುರೂಪಿಸಿ 1995ರಲ್ಲಿ ಪ್ರಕಟಿಸಿದರು. ಅದು ಬರೇ ಅನುವಾದವಲ್ಲ, ಪ್ರಶ್ನೆಯನ್ನೇ ಹಳ್ಳಿಯ ಬದುಕಿಗೆ ಹೊಂದಿಸಿದ್ದು. 'ಈ ವಾಕ್ಯ ಓದಿ ಹಾಗೆಯೇ ಮಾಡಿ' ಎಂಬಲ್ಲಿ 'ನನ್ನ ಮುಖ ನೋಡಿ, ನಾನು ಮಾಡಿದ ಹಾಗೆ ಮಾಡಿ'. ಕನ್ನಡಕ್ಕೂ ಬಂದಿದೆ. ನೂರು ಅಂಕದ ಅಡೆನ್‌ಬ್ರೂಕ್ಸ್ ಪರೀಕ್ಷೆಯ ಏಳು ಭಾರತೀಯ ರೂಪಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದರು, ಅದರಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಐದು ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಕಟ್ಟನ್ನೇ ಸಿದ್ಧಪಡಿಸಿದೆ. ಅಂದರೆ ಕನ್ನಡದ ಪ್ರಶ್ನೆಪತ್ರಿಕೆ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಇದೆ. ಗಡಿ ದಾಟಿ ನಮ್ಮ ಆಸ್ಪತ್ರೆಗೆ ಬಂದಿಲ್ಲ, ಅಷ್ಟೇ. ಶಾಲೆ ಸುರುವಾಗಿ ತಿಂಗಳುಗಟ್ಟಲೆ ಆದ ಮೇಲೆ ಕನ್ನಡ ಪಠ್ಯಪುಸ್ತಕ ಬರುವುದಕ್ಕೆ ಕಾದು ಅಭ್ಯಾಸವಿರುವ ನಮಗೆ ಇದು ಹೊಸ ಕತೆಯಲ್ಲ!

ಅನುವಾದ ಮಾಡಿದರೆ ಮುಗಿಯಿತು ಎಂದೂ ತಿಳಿಯಬೇಡಿ. ಇಂಗ್ಲಿಷಿನಲ್ಲಿ ಒಂದು ಶಬ್ದದ ಕಾಗುಣಿತವನ್ನು ಹಿಂದುಮುಂದಾಗಿ ಹೇಳಿಸುತ್ತಾರೆ. ಕನ್ನಡದಲ್ಲಿ ಒತ್ತಕ್ಷರ ಬಂದರೆ ಅದನ್ನು ಹಿಂದುಮುಂದು ಮಾಡುವುದು ಹೇಗೆ? ನಮ್ಮ ಸ್ಟಾಫ್ ರೂಮಿನಲ್ಲಿ 'ಉಪ್ಪಿನಕಾಯಿ'ಯನ್ನು ಹಿಂದಿನಿಂದ ಹೇಳಲು ನೋಡಿ ನಾಲ್ಕು ಮಾಷ್ಟ್ರುಗಳೂ ಸೋತರು, ಒಬ್ಬರೂ ಕುಡಿಯುವವರಲ್ಲ. 'ಪ'ದಿಂದ ಸುರುವಾಗುವ ಶಬ್ದ ಹೇಳಿ ಅಂದರೆ ಅಕ್ಷರ ತಿಳಿಯದವರಿಗೆ 'ಪ' ಎಂದರೆ ಏನು? ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದು ಕೇಳಿದರೆ ಅಜ್ಜ ಹಂದಿ, ಮಂಗ, ಮುಳ್ಳುಹಂದಿ, ಕಬ್ಬೆಕ್ಕು, ತೋಟ ಹಾಳುಮಾಡುವ ಅಷ್ಟನ್ನೂ ಹೇಳಿಯಾರು.

ದಿನ ನೋಡುವುದೂ ಮುಖ್ಯ ಎಂದೆವಲ್ಲ. ಜ್ವರದ ಮಗುವನ್ನು ಪರೀಕ್ಷೆಗೆ ಕೂರಿಸಿ ಬಂದ ಅಂಕವನ್ನು ನಾವು ನಂಬುತ್ತೇವೆಯೇ? ಕುಡಿತ ನಿಲ್ಲಿಸಿದ ಎರಡನೇ, ಮೂರನೇ ದಿನ ಕೈನಡುಕ, ಬೆವರು, ಕೆಲವರಿಗೆ ಅಪಸ್ಮಾರ, ಇಲ್ಲದ್ದು ಕಾಣುವುದು. ಅದಕ್ಕೇ ದಿನಾ ಕುಡಿಯುವ ವಯಸ್ಸಾದವರು ವೈದ್ಯರಿಗೆ ಹೇಳದೆ ಒಮ್ಮೆಲೇ ಬಿಡಬಾರದು. ಆಗ ನೋಡಬೇಕಾದ್ದು ಜೀವ ಉಳಿಸುವುದನ್ನು, ಥಯಮಿನ್ ಕೊಡುವುದನ್ನು. ಅಂಕ ಹಾಕುವುದನ್ನಲ್ಲ. ಕುಡಿತದಿಂದ ಮರೆಗುಳಿತನ ಎಂದು ಹೇಳಬೇಕಾದರೆ ಕೊನೆಯ ಲೋಟ ಕೆಳಗಿಟ್ಟು 60 ದಿನವಾದರೂ ಕಳೆದಿರಬೇಕು ಎಂದು 1998ರಲ್ಲಿ ಅಮೆರಿಕದ ತಜ್ಞರು ಒಂದು ಮಾನದಂಡ ಸೂಚಿಸಿದ್ದಾರೆ. ಯಾಕೆಂದರೆ ಈ ಮರೆವು ಕುಡಿತ ಬಿಟ್ಟರೆ ವಾರ, ತಿಂಗಳುಗಳಲ್ಲಿ ಹಲವರಿಗೆ ಕಡಿಮೆಯಾಗುತ್ತಾ ಬರುತ್ತದೆ. ಎಲ್ಲರಿಗೂ ಅಲ್ಲ, ಪೂರ್ತಿಯೂ ಅಲ್ಲ. ಆದರೆ ಅಲ್ಜೈಮರ್ ಕಾಯಿಲೆಯ ಹಾಗೆ ಕೆಳಗೆ ಜಾರುವುದೇ ದಾರಿ ಎಂದು ಇರುವುದಿಲ್ಲ. ನಮ್ಮ ಶಿಬಿರಗಳು ಒಳ್ಳೆಯ ಕೆಲಸ ಮಾಡುತ್ತಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಟನೇ ದಿನ ಹಾರ ಹಾಕಿ, ಪ್ರತಿಜ್ಞೆ ಮಾಡಿಸಿ ಕಳುಹಿಸಿದರೆ ಸಾಲದು. ಎರಡು ತಿಂಗಳ ಮೇಲೆ ಒಮ್ಮೆ ಕರೆಸಿ ನೆನಪು ನೋಡಬೇಕು. ಹೇಳಿದ್ದು ತಲೆಯಲ್ಲಿ ನಿಲ್ಲದವನಿಗೆ ಪ್ರತಿಜ್ಞೆ ಹೇಗೆ ನಿಲ್ಲುತ್ತದೆ? ಆತ ಮತ್ತೆ ಕುಡಿದರೆ ಊರು 'ಮನಸ್ಸು ಗಟ್ಟಿಯಿಲ್ಲ' ಅನ್ನುತ್ತದೆ. ಮಿದುಳೇ ಕೈಕೊಟ್ಟಿದೆ ಎಂದು ಯಾರೂ ಅನ್ನುವುದಿಲ್ಲ.

ಒಂದು ಹೆದರಿಕೆ ನಮಗೂ ಇದೆ. ಅಂಕದ ಚೀಟಿ ಮನೆಗೆ ಬಂದರೆ ಮಕ್ಕಳು ಅದನ್ನು ಹಿಡಿದುಕೊಂಡು ಜಾಗದ ಕಾಗದಕ್ಕೆ ಓಡುವುದಿಲ್ಲವೇ? ಅಡಿಕೆಗೆ ಬೆಲೆ ಏರಿದ ಮೇಲೆ ಅಪ್ಪಂದಿರ ಸಹಿಗೆ ಬಂದ ಬೆಲೆ ನಾವು ನೋಡಿದ್ದೇವೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಒಂದು ಮಾತು ಸ್ಪಷ್ಟ ಮಾಡಿದೆ: ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನವಾದ ಮಾತ್ರಕ್ಕೆ, ನ್ಯಾಯಾಲಯ ಹೇಳದ ಹೊರತು, ಮನುಷ್ಯ ಬುದ್ಧಿ ಸ್ವಾಧೀನದಲ್ಲಿಲ್ಲದವನು ಎಂದಾಗುವುದಿಲ್ಲ. ಇನ್ನು ಹತ್ತು ನಿಮಿಷದ ಪ್ರಶ್ನೋತ್ತರ ಕಾಯಿಲೆಯನ್ನು ತೀರ್ಮಾನಿಸುವುದೇ ಇಲ್ಲ. ನಮ್ಮ ಮಾಸಿಕ ಟೆಸ್ಟಿನ ಹಾಗೆ, ಯಾರನ್ನು ಹತ್ತಿರ ಕೂರಿಸಿಕೊಂಡು ನೋಡಬೇಕು ಎಂದು ತಿಳಿಯಲಿಕ್ಕೆ ಮಾತ್ರ. ಆಮೇಲೆ ರಕ್ತಪರೀಕ್ಷೆ, ಬಿ12, ಥೈರಾಯ್ಡ್, ತಲೆಯ ಸ್ಕ್ಯಾನ್, ಕಿವಿ, ಕಣ್ಣು, ಮನಸ್ಸಿನ ಬೇಸರ, ಇಷ್ಟೂ ನೋಡಬೇಕು. ಮನೆಯವರನ್ನು ಬೇರೆಯೇ ಕೂರಿಸಿ, ಮೊದಲು ಮಾಡುತ್ತಿದ್ದದ್ದು ಏನು, ಈಗ ಮಾಡಲಾಗದ್ದು ಏನು ಎಂದು ಕೇಳಬೇಕು.

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದು ಆಗದ ಕೆಲಸವಲ್ಲ. ಕುಡಿತ ಎಷ್ಟಿದೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಎಂಬ ಪಟ್ಟಿಯಿದೆ, ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ. ರಕ್ತದೊತ್ತಡದ ಮಾತ್ರೆಗೆ ಪ್ರತಿ ತಿಂಗಳು ಸಾಲು ನಿಲ್ಲುವ ಅಜ್ಜಂದಿರಿಗೆ ಅದನ್ನು ಕೇಳಲು ಎಷ್ಟು ಹೊತ್ತು? ಆಶಾ ಕಾರ್ಯಕರ್ತೆಯರು ಇದೇ ಊರಿನವರು, ತುಳು, ಕನ್ನಡ, ಮಲಯಾಳ ಮೂರೂ ಬರುತ್ತದೆ. ಅವರಿಗೆ ಕನ್ನಡದ ಪ್ರಶ್ನೆಪತ್ರಿಕೆ ಕೊಟ್ಟು, ಎಲ್ಲಿ ಉತ್ತರ ಹೇಳಿಕೊಡಬಾರದು ಎಂದು ಎರಡು ದಿನ ತರಬೇತಿ ಕೊಡಿ. ಸಾಧ್ಯವಾದರೆ ನಮಗೂ ಕೊಡಿ, ನಮಗೆ ಅದರ ಅಗತ್ಯ ಜಾಸ್ತಿ ಇದೆ ಎಂಬುದು ಸಾಬೀತಾಗಿದೆ.

ಇದನ್ನು ಹೇಳಲು ನಮಗೆ ಏನು ಹಕ್ಕು ಎಂದರೆ, ಹೇಳುತ್ತೇವೆ. ಮನೆಯಲ್ಲಿ ತುಳು, ಮಲಯಾಳ, ಮರಾಠಿ ಮಾತಾಡುವ ಮಕ್ಕಳು ನಮ್ಮ ಕನ್ನಡ ಮಾಧ್ಯಮದ ಒಂದನೇ ಕ್ಲಾಸಿಗೆ ಬಂದು ಕೂರುತ್ತಾರೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಬಾಯಿ ಬಿಡದ ಎಷ್ಟು ಮಕ್ಕಳನ್ನು ನಾವು ಮಂದ ಎಂದು ಹಿಂದಿನ ಬೆಂಚಿಗೆ ಕಳುಹಿಸಿದ್ದೇವೆ! ಆ ಮಕ್ಕಳಲ್ಲಿ ಒಬ್ಬಳು ಈಗ ನರ್ಸು. ಅಜ್ಜನ ಕೈಗೆ ತಪ್ಪು ಪೇಪರು ಕೊಟ್ಟದ್ದನ್ನು ನೋಡಿ ಸಿಟ್ಟು ಬಂದದ್ದು ನಿಜ, ಆದರೆ ಸಿಟ್ಟಿನ ಅರ್ಧ ನಮ್ಮ ಮೇಲೆಯೇ ಇತ್ತು.

ಹನ್ನೊಂದು ಅಂಕದ ಅಜ್ಜನನ್ನು ಮಗಳು ಹಾಗೆಯೇ ಬಿಡಲಿಲ್ಲ. ಬೀಡಿಯ ದುಡ್ಡು ಕೂಡಿಟ್ಟು ತಲಪಾಡಿ ದಾಟಿ ಮಂಗಳೂರಿನ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಮ್ಮವರು ಏನಾದರೂ ಆದರೆ ಓಡುವುದು ಅಲ್ಲಿಗೇ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ ಓಟಕ್ಕೆ ಎಷ್ಟು ಬೆಲೆ ಎಂದು ಎಲ್ಲರಿಗೂ ತಿಳಿಯಿತು, ಆಸ್ಪತ್ರೆ ಮುಟ್ಟಲಾಗದೆ ಜೀವ ಬಿಟ್ಟವರಿದ್ದಾರೆ. ಅಲ್ಲಿ ಮೊದಲು ಅಜ್ಜನ ಕಿವಿಯ ಗುಗ್ಗೆ ತೆಗೆದರು. ಅರ್ಧ ಪ್ರಶ್ನೆ ಕೇಳಿಸಿಯೇ ಇರಲಿಲ್ಲವಂತೆ! ಸ್ಕ್ಯಾನಿನಲ್ಲಿ ರಕ್ತ ಒಸರಿದ್ದು ಕಾಣಲಿಲ್ಲ. ಬಿ12 ಕಡಿಮೆ ಇತ್ತು. ಕನ್ನಡದಲ್ಲಿ, ಬೇಕಾದಲ್ಲಿ ತುಳುವಿನಲ್ಲಿ ಪ್ರಶ್ನೆ ಕೇಳಿದರು, ಮಗಳನ್ನು ಹೊರಗೆ ಕೂರಿಸಿದರು. ಹತ್ತೊಂಬತ್ತು ಬಂತು. ಥಯಮಿನ್, ಬಿ12 ಕೊಟ್ಟು ಮೂರು ತಿಂಗಳ ಮೇಲೆ ಮತ್ತೆ ನೋಡಿದಾಗ ಇಪ್ಪತ್ತೆರಡು. ಇದರಲ್ಲಿ ಮದ್ದು ಕೊಟ್ಟದ್ದೆಷ್ಟು, ಕುಡಿತ ಬಿಟ್ಟದ್ದು ಕೊಟ್ಟದ್ದೆಷ್ಟು, ಭಾಷೆ ಕೊಟ್ಟದ್ದೆಷ್ಟು, ಕಿವಿ ಕೊಟ್ಟದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ ಎಂದು ವೈದ್ಯರೇ ಅಂದರು.

ಮರೆವು ಪೂರ್ತಿ ಹೋಗಿಲ್ಲ. ಹೊಸ ವಿಷಯ ಈಗಲೂ ನಿಲ್ಲುವುದಿಲ್ಲ, ತೋಟದ ಕೆಲಸಕ್ಕೆ ಒಬ್ಬರೇ ಹೋಗಗೊಡುವುದಿಲ್ಲ. ಗಡಿಯಾರ ನೋಡಿ ಬರುವುದು ಆಗದ ಮಾತು ಎಂದು ಗೊತ್ತಾದ ಮೇಲೆ ಮಗಳು ಒಂದು ಉಪಾಯ ಮಾಡಿದರು. ನಾಲ್ಕರ ಬಸ್ಸು ಅವರ ಮನೆಯ ಕೆಳಗಿನ ತಿರುವಿನಲ್ಲಿ ಹಾರ್ನ್ ಹಾಕುತ್ತದೆ. ಹಾರ್ನ್ ಕೇಳಿದರೆ ಅಜ್ಜ ಕೊಡೆ ಹಿಡಿದು ಹೊರಡಬೇಕು, ಅದಕ್ಕೆ ಮೊದಲು ಜಗಲಿ ಇಳಿಯಬಾರದು. ಬಸ್ಸು ತಡವಾದ ದಿನ ಅಜ್ಜನೂ ತಡ. ಮೊಮ್ಮಗಳು ಈಗ ಐದನೇ ಕ್ಲಾಸು, ಗೇಟಿನ ಹತ್ತಿರ ಕಾಯುತ್ತಾಳೆ, ನಾವೂ ಒಬ್ಬರು ನಿಲ್ಲುತ್ತೇವೆ. ಅಜ್ಜ ಬಂದ ಕೂಡಲೇ ಅವಳ ಪರೀಕ್ಷೆ ಸುರು. "ಅಜ್ಜ, ಇವತ್ತು ಯಾವ ವಾರ?" ಮೊನ್ನೆ ಅಜ್ಜ ಗುರುವಾರವನ್ನು ಬುಧವಾರ ಅಂದರು. ಅವಳು ಬ್ಯಾಗು ಅವರ ಹೆಗಲಿಗೆ ಹಾಕಿ "ಹತ್ತಿರ ಬಂದಿದ್ದೀರಿ, ಅರ್ಧ ಮಾರ್ಕು" ಅಂದಳು.